ಗುರುವಾರದ ರಸ್ತೆ

ರಾಮದಾಸಪೇಠ್, ನಾಗಪುರ
12 ಸೆಪ್ಟೆಂಬರ್ 2024

ಮಾಮಾ,

ಗೆದ್ದೆವು! ಮೊದಲು ಇಷ್ಟು ಓದಿಕೊಂಡು ಜಯವ್ವ ಅತ್ತಿಯನ್ನು ಕೂಗಿ ಹೇಳಿ. ಉಳಿದದ್ದನ್ನು ಆಮೇಲೆ ಚಹಾ ಕುಡಿಯುತ್ತಾ ಓದಿ.

ಪ್ರತಾಪ ನಗರದ ಬೆನ್ನಿಗಿರುವ ಬಜಾರ್ ರಸ್ತೆ ನಿಮಗೆ ಗೊತ್ತಲ್ಲ, ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಅದನ್ನು ಪೂರ್ತಿ ಹೊಸದಾಗಿ ರೂಪಿಸುವ ಪಾಲಿಕೆಯ ಕೆಲಸ ನಮಗೆ ಸಿಕ್ಕಿದೆ. ಪುಣೆಯವರು ಬಂದಿದ್ದರು, ದಿಲ್ಲಿಯವರು ಬಂದಿದ್ದರು, ಕೋಟು ಹಾಕಿಕೊಂಡು ದೊಡ್ಡ ಪರದೆಯ ಮೇಲೆ ಸಿನಿಮಾ ತೋರಿಸಿದ ಹಾಗೆ ತೋರಿಸಿದರು. ಆದರೂ ಕೊನೆಗೆ ಉಳಿದದ್ದು ನಾನು ಮತ್ತು ಅನಿರುದ್ಧ. ಇಬ್ಬರೂ ನೌಕರಿಗೆ ರಾಜೀನಾಮೆ ಕೊಟ್ಟು ಈ ಎರಡು ಕೋಣೆಯ ಆಫೀಸು ತೆರೆದಾಗ ಅಪ್ಪ, 'ನಗರ ವಿನ್ಯಾಸ ಅಂದ್ರ ಏನವಾ? ಊರು ಆಗಲೇ ಐತಲ್ಲ, ಇನ್ನೇನು ಮಾಡ್ತೀರಿ?' ಅಂತ ಕೇಳಿದ್ದ. ಈಗ ಫ್ಯಾಕ್ಟರಿಯ ಹಳೆಯ ಗೆಳೆಯರಿಗೆಲ್ಲ ಫೋನ್ ಹಚ್ಚಿ ಹೇಳುತ್ತಿದ್ದಾನೆ.

ನಮ್ಮ ಆಫೀಸಿನ ಕೆಳಗಿನ ಮಹಡಿಯಲ್ಲಿ ಎಕ್ಸ್-ರೇ ತೆಗೆಯುವ ಕ್ಲಿನಿಕ್ ಇದೆ. ಅಲ್ಲಿಗೆ ಬಂದವರು ದಾರಿ ತಪ್ಪಿ ನಮ್ಮಲ್ಲಿಗೆ ಬರುತ್ತಾರೆ. ನಿನ್ನೆ ಒಬ್ಬ ಅಜ್ಜ ಗೋಡೆಯ ಮೇಲಿನ ನಮ್ಮ ರಸ್ತೆಯ ನಕ್ಷೆಯನ್ನು ಬಹಳ ಹೊತ್ತು ನೋಡಿ, ಇದು ಯಾರ ಬೆನ್ನೆಲುಬು, ಪಾಪ, ಇಷ್ಟು ಸೊಟ್ಟಗಾಗಿದೆ ಎಂದು ಕೇಳಿದ. ನಾವು ನೆಟ್ಟಗೆ ಮಾಡುತ್ತೇವೆ ಅಂತ ಅನಿರುದ್ಧ ಹೇಳಿ ಕಳಿಸಿದ.

ಜನ ಮತ್ತು ಗಾಡಿ ಎಣಿಸುವ ಕೆಲಸ ಸ್ಪರ್ಧೆಯ ಹೊತ್ತಿಗೇ ಮುಗಿದಿದೆ. ಧಾರವಾಡದಲ್ಲಿ ನಿಮ್ಮ ನಗರ ಯೋಜನೆಯ ಕಚೇರಿಗೆ ತರಬೇತಿಗೆ ಬಂದಾಗ ನೀವು ಹೇಳಿಕೊಟ್ಟ ಹಾಗೇ ಮಾಡಿದ್ದೇವೆ: ಹಬ್ಬ ಬಿಡು, ರಜೆ ಬಿಡು, ಸಂತೆಯ ದಿನ ಬಿಡು, ಸಾಧಾರಣ ದಿನ ಹಿಡಿ. ಮಂಗಳವಾರ, ಬುಧವಾರ ಎಣಿಸಿದೆವು. ರಸ್ತೆ ಮುಗಿದ ಮೇಲೆ ಹೇಗೆ ಕಾಣುತ್ತದೆ ಎನ್ನುವ ಒಂದು ಚಿತ್ರ ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಕಿವಿ ಫೋನಿಗೆ ಒಗ್ಗುವುದಿಲ್ಲ ಎನ್ನುವುದು ಒಂದು ಲೆಕ್ಕಕ್ಕೆ ನನ್ನ ಪುಣ್ಯ. ಇಲ್ಲದಿದ್ದರೆ ಮರಾಠಿ, ಹಿಂದಿಯ ನಡುವೆ ನನ್ನ ಕನ್ನಡ ಎಂದೋ ಮರೆತುಹೋಗುತ್ತಿತ್ತು.

ನಿಮ್ಮ
ಶೀತಲ್

*

ಧಾರವಾಡ
24 ಸೆಪ್ಟೆಂಬರ್ 2024

ಶೀತಲ್,

ಗೆದ್ದವಳಿಗೆ ಮಾಮಾನ ಶಹಬ್ಬಾಸ್. ನಿನ್ನ ಅತ್ತಿ ಓಣಿಗೆಲ್ಲ ಪೇಢೆ ಹಂಚಿದಳು. ಯಾಕೆ ಎಂದು ಕೇಳಿದವರಿಗೆ 'ನಮ್ಮ ಹುಡುಗಿ ನಾಗಪುರ ಕಟ್ಟಲಿಕ್ಕತ್ತಾಳ' ಎಂದು ಹೇಳಿದ್ದಾಳೆ. ಅಲ್ಲಿ ಈಗಾಗಲೇ ಒಂದು ನಾಗಪುರ ಇದೆ ಎಂದು ನಾನು ಹೇಳಲು ಹೋಗಲಿಲ್ಲ.

ಚಿತ್ರ ನೋಡಿದೆ. ಬಣ್ಣ ಚೆನ್ನಾಗಿದೆ. ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿ, ಬಿಳಿ ನಾಯಿ ಹಿಡಿದ ಮನುಷ್ಯ, ಸೈಕಲ್ ಮೇಲೆ ಕೆಂಪು ಕೂದಲಿನ ಒಬ್ಬ. ಜಯವ್ವ ಕನ್ನಡಕ ಹಾಕಿಕೊಂಡು ನೋಡಿ, 'ಇದು ನಾಗಪುರ ಹೌದೇನ್ರೀ? ಒಬ್ಬರ ತಲಿ ಮ್ಯಾಲೂ ಬುಟ್ಟಿ ಇಲ್ಲ, ಒಬ್ಬರ ಕೈಯಾಗೂ ಚೀಲ ಇಲ್ಲ. ಈ ಮಂದಿ ಉಣ್ಣೂದಿಲ್ಲೇನು?' ಎಂದಳು. ಅವಳ ಮಾತು ಬಿಡು.

ಒಂದೇ ಒಂದು ಕೇಳುತ್ತೇನೆ. ನಾನು ನಾಗಪುರಕ್ಕೆ ಬಂದಾಗಲೆಲ್ಲ ನಿನ್ನ ಅವ್ವ ನನ್ನ ಕೈಗೆ ಚೀಲ ಕೊಟ್ಟು ಅದೇ ರಸ್ತೆಗೆ ಅಟ್ಟುತ್ತಿದ್ದಳು. ಗುರುವಾರದ ಸಂತೆಯಲ್ಲಿ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ಸಂತೆ ನಿನ್ನ ಚಿತ್ರದಲ್ಲಿ ಎಲ್ಲಿ ಕೂರುತ್ತದೆ? ನನಗೆ ಕಾಣಲಿಲ್ಲ. ನನ್ನ ಕಣ್ಣೂ ಈಗ ಅಷ್ಟಕ್ಕಷ್ಟೆ.

ಕಾಗುಣಿತದ ತಪ್ಪುಗಳು ಈ ಸಲ ಕಡಿಮೆ ಇದ್ದವು.

ರಾಮಲಿಂಗಪ್ಪ ಮಾಮಾ

*

ರಾಮದಾಸಪೇಠ್
21 ಅಕ್ಟೋಬರ್ 2024

ಮಾಮಾ,

ಉಸಿರು ಬಿಡಲೂ ಪುರಸೊತ್ತಿಲ್ಲ, ಅದಕ್ಕೇ ನಾಲ್ಕು ಸಾಲು. ಕರಡು ನಕ್ಷೆಯನ್ನು ಸಾರ್ವಜನಿಕರ ಮುಂದೆ ಇಟ್ಟಿದ್ದಾರೆ. ಒಂದು ತಿಂಗಳು ಯಾರು ಬೇಕಾದರೂ ಆಕ್ಷೇಪಣೆ ಬರೆದು ಕಳಿಸಬಹುದು. ಬಂದರೆ ನಾಲ್ಕು ಬರಬಹುದು, ಅವೂ ಅಂಗಡಿಕಾರರವು. ರಸ್ತೆಯ ಮಧ್ಯೆ ಉದ್ದಕ್ಕೂ ಹೂವಿನ ಪಾತಿ, ಎರಡೂ ಕಡೆ ಕಲ್ಲಿನ ಬೆಂಚು, ಗಾಡಿ ಫುಟ್‌ಪಾತಿಗೆ ನುಗ್ಗದ ಹಾಗೆ ಕಬ್ಬಿಣದ ಗೂಟ. ಒಮ್ಮೆ ಕೂರಿಸಿದರೆ ಇಪ್ಪತ್ತು ವರ್ಷ ಅಲುಗಾಡುವುದಿಲ್ಲ. ವಾನಖೆಡೆ ಸಾಹೇಬರು ಅಂತ ಪಾಲಿಕೆಯ ಹಿರಿಯ ಎಂಜಿನಿಯರ್ ಈ ಕೆಲಸ ನೋಡಿಕೊಳ್ಳುತ್ತಾರೆ. ಅವರಿಗೂ ಒಪ್ಪಿಗೆಯಾಗಿದೆ.

ಸಂತೆಯ ಬಗ್ಗೆ ಕೇಳಿದ್ದಿರಿ. ಅದು ವಾರಕ್ಕೆ ಒಂದು ದಿನದ ಮಾತು ಮಾಮಾ. ಒಂದು ದಿನದ ಸಲುವಾಗಿ ಆರು ದಿನ ಕೆಡಿಸಲು ಆಗುತ್ತದೆಯೇ? ಅವರಿಗೆ ಇನ್ನೆಲ್ಲಾದರೂ ಜಾಗ ತೋರಿಸುತ್ತಾರೆ, ಅದು ನಮಗೆ ವಹಿಸಿದ ಕೆಲಸದಲ್ಲಿ ಇಲ್ಲ. ಈಗ ಜನ ಮೊದಲಿನ ಹಾಗೆ ಸಂತೆಗೆ ಹೋಗುವುದೂ ಇಲ್ಲ. ನಮ್ಮ ಅವ್ವನೇ ಕಾಯಿಪಲ್ಯ ಫೋನಿನಲ್ಲಿ ತರಿಸುತ್ತಾಳೆ, ನಾನೇ ಕಲಿಸಿಕೊಟ್ಟಿದ್ದೇನೆ.

ನಕ್ಷೆಯ ಪ್ರತಿ ಕಳಿಸಿದ್ದೇನೆ. ಹೇಗಿದೆ ಅಂತ ಖಂಡಿತ ಬರೆಯಿರಿ. ನೀವು ಚಲೋ ಅಂದರೆ ನನಗೆ ಉಳಿದವರ ಮಾತು ಬೇಕಾಗಿಲ್ಲ.

ಶೀತಲ್

*

ಧಾರವಾಡ
15 ನವೆಂಬರ್ 2024

ಶೀತಲ್,

ದೀಪಾವಳಿ ಚೆನ್ನಾಗಿ ಆಯಿತು. ಜಯವ್ವನ ಕರ್ಚಿಕಾಯಿ ಈ ಸಲ ಸ್ವಲ್ಪ ಗಟ್ಟಿಯಾದವು, ಹಲ್ಲಿನ ಡಾಕ್ಟರಿಗೆ ಮಾತ್ರ ಲಾಭ. ಇಲ್ಲಿ ಬೆಳಿಗ್ಗೆ ಥಂಡಿ ಶುರುವಾಗಿದೆ. ಮುಂಜಾನೆ ವಾಕಿಂಗ್ ಗುಂಪಿನಲ್ಲಿ ಒಬ್ಬರು ಹೊಸದಾಗಿ ಸೇರಿದ್ದಾರೆ, ನೀರಾವರಿ ಇಲಾಖೆಯವರು, ಮಾತೂ ಹಾಗೇ, ಕಾಲುವೆ ಬಿಟ್ಟ ಹಾಗೆ.

ನಿನ್ನ ನಕ್ಷೆ ತಲುಪಿತು. ಪೂರ್ತಿ ನೋಡಿದ್ದೇನೆ. ಅದರ ಬಗ್ಗೆ ಈ ಪತ್ರದಲ್ಲಿ ಬರೆಯುವಂಥದ್ದು ಏನೂ ಇಲ್ಲ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಮಾಮಾ

*

ರಾಮದಾಸಪೇಠ್
14 ಡಿಸೆಂಬರ್ 2024

ಶ್ರೀ ರಾಮಲಿಂಗಪ್ಪನವರಿಗೆ,

ಹೌದು, ಹೆಸರು ಹಿಡಿದೇ ಕರೆಯುತ್ತಿದ್ದೇನೆ. ನಿನ್ನೆ ತುಂಬಿದ ಸಭೆಯಲ್ಲಿ ಆ ಹೆಸರನ್ನು ವಾನಖೆಡೆ ಸಾಹೇಬರ ಬಾಯಿಂದ ಕೇಳಿದ್ದೇನೆ, ಇನ್ನು ನಾನು ಹೇಳಿದರೆ ಏನಾಗುತ್ತದೆ?

ಆಕ್ಷೇಪಣೆಗಳ ವಿಚಾರಣೆ ಇತ್ತು. ಒಬ್ಬ ಅಂಗಡಿಯವನಿಗೆ ತನ್ನ ಬಾಗಿಲ ಮುಂದೆ ಗಿಡ ಬೇಡ. ಇನ್ನೊಬ್ಬನಿಗೆ ಗಿಡ ಬೇಕು, ಆದರೆ ಪಕ್ಕದವನ ಬಾಗಿಲ ಮುಂದೆ. ನಾನು ನಗುನಗುತ್ತಾ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದೆ. ಆಮೇಲೆ ಸಾಹೇಬರು ಒಂದು ಕಾಗದ ಎತ್ತಿ ಹಿಡಿದು, ಇದು ಧಾರವಾಡದಿಂದ ಬಂದಿದೆ ಅಂದರು. ಶುದ್ಧ ಹಿಂದಿಯಲ್ಲಿ ಬರೆದದ್ದು, ಮುತ್ತಿನಂಥ ಅಕ್ಷರ. ಸಮೀಕ್ಷೆ ಯಾವ ದಿನಗಳಲ್ಲಿ ನಡೆಯಿತು, ಗುರುವಾರ ಏಕೆ ಇಲ್ಲ, ಆ ದಿನ ಈ ರಸ್ತೆಯ ಮೇಲೆ ಕುಳಿತು ಮಾರುವವರು ಈ ನಕ್ಷೆಯಲ್ಲಿ ಎಲ್ಲಿ ಕೂರುತ್ತಾರೆ?

ಸಾಹೇಬರು ನಮ್ಮ ವರದಿಯ ಹಾಳೆ ತಿರುವಿ ಗಟ್ಟಿಯಾಗಿ ಓದಿದರು: 'ರಸ್ತೆಯ ಮೇಲೆ ಕುಳಿತು ಮಾರುವವರು: ಇಲ್ಲ.' ಹಿಂದಿನ ಸಾಲುಗಳಲ್ಲಿ ಕುಳಿತಿದ್ದವರು ಯಾರು ಗೊತ್ತೇ? ಅದೇ ಸಂತೆಯವರು. ಇಡೀ ಸಭೆ ನಕ್ಕಿತು. ಸೊಪ್ಪು ಮಾರುವ ಪಾರ್ವತಾಬಾಯಿ ಅನ್ನುವ ಹೆಂಗಸು ಎದ್ದು ನಿಂತು, ಹಾಗಾದರೆ ಸಾಹೇಬ, ಇಷ್ಟು ವರ್ಷ ಅಲ್ಲಿ ಕೂತವರು ನಾವೇನು ದೆವ್ವಗಳೇ ಅಂತ ಮರಾಠಿಯಲ್ಲಿ ಕೇಳಿದಳು. ಮತ್ತೆ ನಗು. ಆ ನಗುವಿನ ನಡುವೆ ಸಾಹೇಬರು ನನ್ನನ್ನು ನೋಡಿ, ಈ ಧಾರವಾಡದ ರಾಮಲಿಂಗಪ್ಪ ಯಾರು, ಇವರಿಗೂ ಈ ರಸ್ತೆಗೂ ಏನು ಸಂಬಂಧ ಎಂದು ಕೇಳಿದರು.

'ನನ್ನ ಮಾಮಾ' ಅಂದೆ.

ಆಗ ಎದ್ದ ನಗು ಈಗಲೂ ನನ್ನ ಕಿವಿಯಲ್ಲಿದೆ. ನನಗೆ ಅವಮಾನವಾಯಿತು ಮಾಮಾ. ಫೆಬ್ರವರಿಯೊಳಗೆ ಈ ಆಕ್ಷೇಪಣೆಗೆ ಒಪ್ಪುವಂಥ ಉತ್ತರ ತರಬೇಕಂತೆ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಇದೊಂದು ಕೈತಪ್ಪಿದರೆ ನಮ್ಮ ಆಫೀಸು ಉಳಿಯುವುದಿಲ್ಲ, ಇನ್ನು ಈ ಊರಿನಲ್ಲಿ ಯಾರೂ ನಮಗೆ ಒಂದು ಗಲ್ಲಿಯನ್ನೂ ಕೊಡುವುದಿಲ್ಲ. ಅನಿರುದ್ಧ, ಅವರು ನಿನ್ನ ಮಾಮಾನೋ ದುಶ್ಮನ್ನೋ ಅಂತ ಕೇಳಿದ. ಸಂತೆಯ ದಿನ ಬಿಡು ಅಂತ ಹೇಳಿಕೊಟ್ಟವರು ನೀವೇ ಅಲ್ಲವೇ? 'ಬರೆಯುವಂಥದ್ದು ಏನೂ ಇಲ್ಲ' ಅಂತ ನನಗೆ ಬರೆದು ಅವರಿಗೆ ಇಷ್ಟು ಬರೆದಿರಲ್ಲ. ಮನೆಯವಳಿಗೆ ಮನೆಯಲ್ಲೇ ಹೇಳಲು ನಿಮಗೆ ಏನಾಗಿತ್ತು?

ಶೀತಲ್

*

ಧಾರವಾಡ
23 ಡಿಸೆಂಬರ್ 2024

ಶೀತಲ್,

ನೀನು ಹೆಸರು ಹಿಡಿದು ಕರೆದದ್ದಕ್ಕೆ ನಿನ್ನ ಅತ್ತಿ ಬೆಳಗಿನಿಂದ ಗೊಣಗುತ್ತಿದ್ದಾಳೆ. 'ಆಕ್ಷೇಪಣಾ ಬರದವಗ ಮತ್ತ ಏನಂತ ಕರೀಬೇಕು, ಬಿಡ' ಎಂದೆ.

ಮನೆಯಲ್ಲಿ ಹೇಳಲಿಲ್ಲ ಎನ್ನುತ್ತೀಯಲ್ಲ, ಸೆಪ್ಟೆಂಬರಿನಲ್ಲಿ ಹೇಳಿದ್ದೆ. ಸಂತೆ ಎಲ್ಲಿ ಕೂರುತ್ತದೆ ಎಂದು ಕೇಳಿದ್ದೆ. ಅದು ನಮಗೆ ವಹಿಸಿದ ಕೆಲಸದಲ್ಲಿ ಇಲ್ಲ ಎಂದು ನೀನು ಒಂದು ಸಾಲಿನಲ್ಲಿ ಮುಗಿಸಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಸುಮ್ಮನೆ ಹುಟ್ಟಿಲ್ಲ. ಮಾಮಾ ಮನೆಯಲ್ಲಿ ಹೇಳಿದರೆ ಮುದುಕನ ಗೊಣಗಾಟ, ಅದೇ ಮಾತು ಕಚೇರಿಯ ಮುದ್ರೆ ಬಿದ್ದು ಬಂದರೆ ಅದಕ್ಕೆ ಉತ್ತರ ಕೊಡಲೇಬೇಕು. ಸೇವೆಯಲ್ಲಿದ್ದಷ್ಟು ಕಾಲ ಬೇರೆಯವರ ಆಕ್ಷೇಪಣೆಗಳಿಗೆ ಉತ್ತರ ಬರೆದವನು ನಾನು. ಅವುಗಳ ಬಲ ನನಗೆ ಗೊತ್ತು.

ಸಂತೆಯ ದಿನ ಬಿಡು ಎಂದದ್ದು ನಾನೇ. ಆದರೆ ಅದು ಲಾರಿ ಓಡಾಡುವ ಬೈಪಾಸಿಗೆ ಹೇಳಿದ್ದು, ನೀನು ಆಗ ನನ್ನ ಜೊತೆ ನಿಂತು ಲಾರಿ ಎಣಿಸುತ್ತಿದ್ದೆ. ಸಂತೆ ಕೂರುವ ರಸ್ತೆಯಲ್ಲಿ ಸಂತೆಯ ದಿನ ಬಿಟ್ಟು ಲೆಕ್ಕ ಹಿಡಿಯುವುದು ಅಂದರೆ ಮದುವೆಯ ಮರುದಿನ ಛತ್ರಕ್ಕೆ ಹೋಗಿ ಉಂಡ ಎಲೆ ಎಣಿಸಿದ ಹಾಗೆ. ನಮ್ಮ ವೃತ್ತಿಯವರೇ ಮಾಡುವ ತಪ್ಪು ಇದು, ಬೇರೆ ಯಾರೂ ಮಾಡಲಾರರು. ಯಾಕೆಂದರೆ ಪುಸ್ತಕ ಓದಿದವರಿಗೆ ಮಾತ್ರ ಆ ನಿಯಮ ಗೊತ್ತಿರುತ್ತದೆ.

ನಾನು ಸಿಟ್ಟಿನಿಂದ ಬರೆಯಲಿಲ್ಲ ಮಗಳೇ, ಹೆದರಿ ಬರೆದೆ. ಇದು ನಿನ್ನ ಮೊದಲ ರಸ್ತೆ. ಆ ಹೆಂಗಸರು ನಿನ್ನ ಕಲ್ಲಿನ ಬೆಂಚು ನೋಡಿ ವಾರ ವಾರ ಹಿಡಿಶಾಪ ಹಾಕುವುದು ನನಗೆ ಬೇಡವಾಗಿತ್ತು. ನೀನು ನನ್ನ ಮೇಲೆ ಸಿಟ್ಟಾಗಿದ್ದರೂ ನಡೆಯುತ್ತದೆ. ರಸ್ತೆ ತಪ್ಪಾಗಿ ಆದರೆ ನಡೆಯುವುದಿಲ್ಲ.

ಮಾಮಾ

*

ಧಾರವಾಡ
17 ಜನವರಿ 2025

ಶೀತಲ್,

ಸಂಕ್ರಾಂತಿಯ ಎಳ್ಳು ಕಳಿಸಿದ್ದೆವು, ತಲುಪಿತೋ ಇಲ್ಲವೋ ತಿಳಿಯಲಿಲ್ಲ. ಪಾರ್ಸೆಲ್ ಆಫೀಸಿನಲ್ಲಿ ಕೇಳಿದೆ, ತಲುಪಿದೆ ಎನ್ನುತ್ತಾರೆ.

ನಿನ್ನ ಅವ್ವ ಫೋನಿನಲ್ಲಿ ಜಯವ್ವನ ಜೊತೆ ಮಾತನಾಡುತ್ತಾಳೆ, ನಿನ್ನ ವಿಷಯ ಬಂದರೆ ಬೇರೆ ಮಾತು ತೆಗೆಯುತ್ತಾಳಂತೆ. ಆಫೀಸು ನಡೆಯುತ್ತಿದೆಯೇ? ಬಾಡಿಗೆಯ ಕರಾರು ಇನ್ನೂ ಇದೆಯೇ? ನಾನು ಅತಿಯಾಗಿ ನಡೆದುಕೊಂಡೆ ಎಂದು ವಾಕಿಂಗ್ ಗುಂಪಿನವರೆಲ್ಲ ಹೇಳುತ್ತಾರೆ. ನೀರಾವರಿಯವರು ಮಾತ್ರ ನನ್ನ ಪಕ್ಷ. ಅವರು ನನ್ನ ಪಕ್ಷ ಇದ್ದಾರೆ ಎಂದೇ ನನಗೆ ಹೆಚ್ಚು ಸಂಶಯ ಬರುತ್ತಿದೆ.

ಬೈಯಲಾದರೂ ಬರೆ. ಟಪ್ಪಾಲಿನವನು ಗೇಟಿನ ಹತ್ತಿರ ಬಂದರೆ ಎದ್ದು ನಿಲ್ಲುತ್ತೇನೆ, ಅವನಿಗೂ ಈಗ ನನ್ನ ಮುಖ ನೋಡಲು ಸಂಕೋಚ.

ಮಾಮಾ

*

ರಾಮದಾಸಪೇಠ್
7 ಫೆಬ್ರವರಿ 2025

ಮಾಮಾ! ನನ್ನ ಮಾಮಾ!

ಎಳ್ಳು ತಿಂದೆ, ಸಿಹಿಯಾಗಿತ್ತು. ಬರೆಯಲಿಲ್ಲ ಯಾಕೆಂದರೆ ಬರೆದರೆ ಬರೀ ಬೈಗಳು ಬರುತ್ತಿದ್ದವು, ಮತ್ತು ಆ ಬೈಗಳು ನನಗೇ ಸೇರಬೇಕಾದವು ಎಂದು ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು.

ನಿಮ್ಮ ಡಿಸೆಂಬರಿನ ಪತ್ರ ಬಂದ ವಾರ, ಹಲ್ಲು ಕಚ್ಚಿಕೊಂಡೇ, ಗುರುವಾರ ಸಂತೆಗೆ ಹೋದೆ. ನೀವು ಹೇಳಿದ್ದು ಸುಳ್ಳು ಅಂತ ತೋರಿಸಲು ಹೋದೆ, ಇದನ್ನೂ ಹೇಳಿಬಿಡುತ್ತೇನೆ. ರಸ್ತೆಯ ಆ ತುದಿಯಿಂದ ಈ ತುದಿಯವರೆಗೆ ಜನವೋ ಜನ. ಸೊಪ್ಪು, ಒಣಮೀನು, ಬಳೆ, ಸಂತ್ರಾ ಹಣ್ಣಿನ ರಾಶಿ, ಹಳೆಯ ಸ್ವೆಟರು, ಎಲ್ಲಾ. ಹಾಗೇ ನಡೆಯುತ್ತಾ ಹೋದರೆ ಮೆಂತ್ಯದ ರಾಶಿಯ ಮುಂದೆ ಒಬ್ಬಳು ಕುಕ್ಕರುಗಾಲಲ್ಲಿ ಕೂತು, 'ಇದೇನು ಭಾವ ಮಾಡ್ತೀ ಬಾಯಿ, ಬರೋಬರ್ ಹೇಳು' ಅಂತ ಕನ್ನಡ, ಮರಾಠಿ ಕಲಸಿ ದರಕ್ಕೆ ಜಗಳ ಹಚ್ಚಿದ್ದಳು. ನಮ್ಮ ಅವ್ವ! ನನ್ನನ್ನು ನೋಡಿ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಫೋನಿನಿಂದ ತರಿಸುವುದು ನಾನು ಮನೆಯಲ್ಲಿದ್ದಾಗ ಮಾತ್ರವಂತೆ. 'ನೀ ಅಷ್ಟು ಪ್ರೀತಿಯಿಂದ ಕಲಿಸಿದ್ದಿ, ನಿನ್ನ ಮನಸ್ಸು ಯಾಕ ಮುರೀಬೇಕಂತ ಹೇಳಿದ್ದಿಲ್ಲ. ಆ ಫೋನಿನ್ಯಾಗಿನ ಮೆಂತ್ಯಾ ಬಾಡಿರ್ತಾವ ಯವ್ವಾ' ಅಂದಳು. ನಡುರಸ್ತೆಯಲ್ಲಿ ನನಗೆ ಅಳುವೂ ಬಂತು ನಗುವೂ ಬಂತು. ನನ್ನ ಮನೆಯಲ್ಲಿ ಏನು ನಡೆಯುತ್ತದೆ ಅಂತ ಗೊತ್ತಿಲ್ಲದವಳು ಊರಿಗೆ ನಕ್ಷೆ ಬರೆದಿದ್ದೆ.

ಅಲ್ಲಿಂದ ಪಾರ್ವತಾಬಾಯಿಯ ಹತ್ತಿರ ಹೋಗಿ ಕೂತೆ. ಮೊದಲ ವಾರ ಅವಳು ನನಗೆ ಬೆನ್ನು ತಿರುಗಿಸಿಯೇ ವ್ಯಾಪಾರ ಮಾಡಿದಳು. ಎರಡನೆಯ ವಾರ, ಸುಮ್ಮನೆ ಕೂರುವುದಾದರೆ ಕೊತ್ತಂಬರಿ ಕಟ್ಟು ಕಟ್ಟು ಅಂದಳು. ನಾನು ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದಳು. ಮೂರನೆಯ ವಾರ ನಾನು ಕಾಗದದ ಮೇಲೆ ಹೊಸ ನಕ್ಷೆ ತೋರಿಸಿದರೆ, ತಿರುಗಿಸಿ ತಿರುಗಿಸಿ ನೋಡಿ, ಇದರಲ್ಲಿ ನನಗೆ ಏನೂ ತಿಳಿಯುವುದಿಲ್ಲ, ನೆಲದ ಮೇಲೆ ತೋರಿಸು ಅಂದಳು. ಹೌದಲ್ಲ, ನೆಲದ ಮೇಲೇ ತೋರಿಸೋಣ ಅಂತ ನನಗೆ ಹೊಳೆದದ್ದು ಆಗ.

ನಿನ್ನೆ ಗುರುವಾರ. ಬೆಳಕು ಹರಿಯುವಾಗಲೇ ನಾನು, ಅನಿರುದ್ಧ, ನಮ್ಮ ಹೊಸ ಹುಡುಗಿ ಶ್ರೀರಕ್ಷಾ, ಕಬಡ್ಡಿ ಅಂಗಳಕ್ಕೆ ಗೆರೆ ಹಾಕುವ ಹಾಗೆ ಸುಣ್ಣದ ಪುಡಿ ಹಿಡಿದು, ಇಡೀ ರಸ್ತೆಯ ಮೇಲೆ ನಕ್ಷೆಯನ್ನು ಅದರ ನಿಜವಾದ ಅಳತೆಯಲ್ಲೇ ಬರೆದೆವು. ಹೂವಿನ ಪಾತಿ ಇಲ್ಲ, ಗಿಡಗಳು ಅಂಚಿಗೆ. ಕಲ್ಲಿನ ಬೆಂಚು ಇಲ್ಲ. ಗೂಟಗಳು ಎತ್ತಿಡುವಂಥವು. ಗುರುವಾರ ಒಂದು ಬದಿ ಬಸ್ಸಿಗೆ, ಉಳಿದದ್ದು ಸಂತೆಗೆ. ಸಾಹೇಬರಿಗೆ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆದಿದ್ದೆ. ನಿಮ್ಮ ಆಕ್ಷೇಪಣೆಗೆ ಉತ್ತರವನ್ನು ರಸ್ತೆಯ ಮೇಲೆ ಕೊಡುತ್ತೇನೆ, ದಯವಿಟ್ಟು ಬಂದು ನೋಡಿ ಎಂದು ಬರೆದಿದ್ದೆ.

ಅಬ್ಬಾ, ಏನು ಜಗಳ ಅಂತೀರಿ! ನಾನು ಒಂದು ಗೆರೆ ಎಳೆದರೆ ಪಾರ್ವತಾಬಾಯಿ ಕಾಲಿನಿಂದ ಒರೆಸುತ್ತಿದ್ದಳು. ಬಳೆಯವಳು ಮೀನಿನ ಪಕ್ಕ ಕೂರುವುದಿಲ್ಲ ಅಂದಳು. ಮೀನಿನವಳು, ನಿನ್ನ ಬಳೆಗೇನು ವಾಸನೆ ಹಿಡಿಯುತ್ತದೆಯೇ ಅಂದಳು. ಸೀರೆ ಅಂಗಡಿಯ ಸೇಠ ತನ್ನ ಬಾಗಿಲಿಗೆ ಅಡ್ಡ ಆಗುತ್ತದೆ ಅಂತ ಮೊದಲು ಕೈ ಬೀಸಿಕೊಂಡು ಬಂದ. ಅವನ ಮೆಟ್ಟಿಲ ಮುಂದೆ ದಾರಿ ಬಿಟ್ಟು ಮತ್ತೆ ಗೆರೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಅವನೇ ಸುಣ್ಣದ ಡಬ್ಬಿ ಕಸಿದುಕೊಂಡು ಇಲ್ಲಿ ಹೀಗಲ್ಲ, ಹೀಗೆ ಎಂದು ಎಳೆಯುತ್ತಿದ್ದ. ಅನಿರುದ್ಧನ ಮುಖಕ್ಕೆಲ್ಲ ಸುಣ್ಣ, ನೋಡಿದರೆ ಗುರುತೇ ಸಿಗುತ್ತಿರಲಿಲ್ಲ.

ಸಂಜೆಗೆ ಪರೀಕ್ಷೆ. ಸಂತೆ ತುಂಬಿ ಕೂತಿತ್ತು. ಸಾಹೇಬರು ಬಂದು ನಿಂತಿದ್ದರು. ಆ ಜನರ ನಡುವೆ ಬಸ್ಸು ಬರಬೇಕು. ಸುಣ್ಣದ ಗೆರೆ ತುಳಿದರೆ ನಮ್ಮ ನಕ್ಷೆ ಬಿದ್ದುಹೋದಂತೆ. ಬಸ್ಸು ತಿರುವಿನಲ್ಲಿ ಬಂತು ಮಾಮಾ. ಡ್ರೈವರ್ ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ. ಪಾರ್ವತಾಬಾಯಿ ಎದ್ದು ನಿಂತು ಟ್ರಾಫಿಕ್ ಪೊಲೀಸನ ಹಾಗೆ ಕೈ ಆಡಿಸುತ್ತಾ, ಹೂಂ ಯೇ, ಯೇ, ಯೇ ಎಂದು ಕರೆದಳು. ಬಸ್ಸು ಸೊಪ್ಪಿನ ರಾಶಿ ದಾಟಿತು, ಬಳೆ ದಾಟಿತು, ಸಂತ್ರಾ ದಾಟಿತು, ಹಾಗೇ ಆ ತುದಿಗೆ ಹೋಯಿತು. ನಾನು ಬಗ್ಗಿ ನೋಡಿದೆ. ಒಂದು ಗೆರೆಯೂ ಅಳಿಸಿರಲಿಲ್ಲ!

ಇಡೀ ಸಂತೆ ಸಿಳ್ಳೆ ಹೊಡೆಯಿತು. ಬಸ್ಸಿನ ಒಳಗಿನವರೂ ಏನೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಸಾಹೇಬರು ಹತ್ತಿರ ಬಂದು, 'ಬರೋಬರ್ ಆಹೇ', ಸರಿಯಾಗಿದೆ, ಅಂದರು, ಆಮೇಲೆ ಮೆಲ್ಲಗೆ, ಧಾರವಾಡದವರಿಗೆ ತಿಳಿಸಿ ಎಂದರು. ತಿಳಿಸುತ್ತಿದ್ದೇನೆ.

ನಿಮ್ಮ ಮೊದ್ದು
ಶೀತಲ್

*

ಧಾರವಾಡ
16 ಫೆಬ್ರವರಿ 2025

ನನ್ನ ಬಂಗಾರದಂಥ ಮಗಳೇ,

ಪತ್ರವನ್ನು ಗೇಟಿನಲ್ಲೇ ನಿಂತು ಓದಿದೆ. ಟಪ್ಪಾಲಿನವನನ್ನೂ ನಿಲ್ಲಿಸಿಕೊಂಡು ಬಸ್ಸು ದಾಟುವ ತನಕ ಓದಿ ಹೇಳಿದೆ. ಅವನು 'ಪಾಸಾತೇನ್ರಿ ಸಾಹೇಬ್ರ?' ಎಂದು ಕೇಳಿದ. ಪಾಸಾಯಿತು ಎಂದು ಹೇಳಿ ಅವನ ಬೆನ್ನು ತಟ್ಟಿದೆ. ನನ್ನ ಸರ್ವೀಸಿನಲ್ಲಿ ನಾನು ಎಷ್ಟೋ ರಸ್ತೆ ಮಂಜೂರು ಮಾಡಿದ್ದೇನೆ. ಯಾರೂ ನನಗಾಗಿ ಸಿಳ್ಳೆ ಹೊಡೆದಿಲ್ಲ. ನಿನಗೆ ಹೊಡೆದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳು ಯಾಕೆ ಹೇಳಲಿ?

ಜಯವ್ವ ಪೂರ್ತಿ ಕೇಳಿ, ಕಣ್ಣು ಒರೆಸಿಕೊಂಡು, ಒಂದು ಪ್ರಶ್ನೆ ಹಾಕಿದ್ದಾಳೆ. 'ಅಷ್ಟು ಮಂದಿ ಹೆಣ್ಣಮಕ್ಕಳು ಮುಂಜಾನಿಂದ ಸಂಜೀತನಕ ಕೂಡ್ತಾರ. ಅವರು ಕಾಲ್ಮಡೀಲಿಕ್ಕೆ ಎಲ್ಲಿಗೆ ಹೋಗಬೇಕು? ನಿಮ್ಮ ಪೈಕಿ ಯಾರರೆ ಕೇಳೀರೇನು?' ನಾನು ನನ್ನ ಆಕ್ಷೇಪಣೆಯಲ್ಲೂ ಕೇಳಿರಲಿಲ್ಲ, ನೀನು ಸುಣ್ಣದಲ್ಲೂ ಬರೆದಿಲ್ಲ. ಅವಳು ಈಗ ಇಬ್ಬರನ್ನೂ ಒಟ್ಟಿಗೆ ಬೈಯುತ್ತಿದ್ದಾಳೆ. ತಕ್ಷಣ ಸೇರಿಸು.

ಮಾಮಾ

*

ರಾಮದಾಸಪೇಠ್
20 ಏಪ್ರಿಲ್ 2025

ಮಾಮಾ, ಅತ್ತಿ,

ಮಂಜೂರಾಯಿತು! ಶೌಚಾಲಯ ಸಮೇತ. ಬೇವಿನ ಮರದ ಹತ್ತಿರ, ಬೆಳಕು ಇರುವ ಕಡೆ, ನೀರಿನ ನಲ್ಲಿಯ ಜೊತೆಗೆ. ಆ ಜಾಗ ಹುಡುಕಲು ನಡೆದ ಜಗಳ ಹೇಳಿದರೆ ಇನ್ನೊಂದು ಪತ್ರ ಆಗುತ್ತದೆ. ಅತ್ತಿ, ಸಭೆಯಲ್ಲಿ ಈ ಮಾತು ಎತ್ತಿದಾಗ ಹಿಂದಿನ ಸಾಲಿನ ಹೆಂಗಸರೆಲ್ಲ ಒಮ್ಮೆಗೇ ಹೌದು ಹೌದು ಅಂದರು. ಇಷ್ಟು ವರ್ಷ ಯಾರೂ ಕೇಳಿಲ್ಲವಂತೆ.

ಈಗ ಒಂದು ಮಾತು ಹೇಳಬಹುದು. ಜನವರಿಯಲ್ಲಿ ಅನಿರುದ್ಧನಿಗೆ ಪುಣೆಯಿಂದ ಕರೆ ಬಂದಿತ್ತು, ದೊಡ್ಡ ಕಂಪನಿ, ಅವನು ಹೋಗುವುದು ಪಕ್ಕಾ ಆಗಿತ್ತು. ಯಾರಿಗೂ ಹೇಳಿರಲಿಲ್ಲ, ಅವ್ವನಿಗೆ ಗೊತ್ತಾಗಿಹೋಗಿತ್ತು, ಆಣೆ ಹಾಕಿಸಿದ್ದೆ. ಇದು ನಮ್ಮ ವೃತ್ತಿಯ ಹಣೆಬರಹ. ಈ ಊರಿನಲ್ಲಿ ಕೆಲಸ ಕಲಿತವರು ಪುಣೆಗೋ ಹೈದರಾಬಾದಿಗೋ ಹೋಗುತ್ತಾರೆ, ಆಮೇಲೆ ಅಲ್ಲಿಂದ ನಮ್ಮ ರಸ್ತೆಗೆ ನಕ್ಷೆ ಬರೆದು ಕಳಿಸುತ್ತಾರೆ. ಬಸ್ಸು ದಾಟಿದ ಆ ಸಂಜೆ ಅವನು ಮುಖ ತೊಳೆದುಕೊಂಡು ಬಂದು, 'ನಾನು ಎಲ್ಲಿಗೂ ಹೋಗುವುದಿಲ್ಲ, ಇಂಥ ಮಜಾ ಅಲ್ಲಿ ಎಲ್ಲಿ ಸಿಗುತ್ತದೆ' ಅಂದ.

ಚಂದ್ರಪುರದಿಂದ, ವರ್ಧಾದಿಂದ ಕೇಳಿಕೊಂಡು ಬಂದಿದ್ದಾರೆ. ಮೊದಲು ಸೋತು ಹೋದ ಪುಣೆಯವರು ಜೊತೆಗೂಡಿ ಮಾಡೋಣವೇ ಅಂತ ಬರೆದಿದ್ದಾರೆ. ದೊಡ್ಡ ಕೆಲಸಗಳಿಗೆ ಇನ್ನೂ ನಮ್ಮನ್ನು ಒಳಗೆ ಬಿಡುವುದಿಲ್ಲ, ಅನುಭವ ಸಾಲದು ಅಂತಾರೆ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು ಅಂತ ಕೇಳಿದರೆ ನಗುತ್ತಾರೆ. ಬಿಡಿ, ಅದನ್ನೂ ಒಂದು ದಿನ ಗೆಲ್ಲುತ್ತೇವೆ. ಮೂರು ಜನ ಹೊಸಬರು ಸೇರಿದ್ದಾರೆ, ಎಕ್ಸ್-ರೇಯವರ ಪಕ್ಕದ ಕೋಣೆಯನ್ನೂ ಹಿಡಿದೆವು. ಹೊಸಬರಿಗೆ ಮೊದಲ ದಿನ ಕಂಪ್ಯೂಟರ್ ಕೊಡುವುದಿಲ್ಲ, ಚೀಲ ಕೊಟ್ಟು ಆ ಊರಿನ ಸಂತೆಗೆ ಕಳಿಸುತ್ತೇವೆ.

ಬಿಸಿಲು ಸುಡುತ್ತಿದೆ, ಕೂಲರ್ ಬರೀ ಬಿಸಿಗಾಳಿ ಊದುತ್ತಿದೆ, ರಸ್ತೆ ಅಗೆಯುವುದು ಶುರುವಾಗಿದೆ. ಮುಗಿದ ಮೇಲೆ ಮೊದಲ ಗುರುವಾರ ನೀವಿಬ್ಬರೂ ಇಲ್ಲಿ ಇರಬೇಕು. ನೆಪ ನಡೆಯುವುದಿಲ್ಲ.

ಶೀತಲ್

*

ಧಾರವಾಡ
28 ಅಕ್ಟೋಬರ್ 2025

ಶೀತಲ್,

ಟಿಕೆಟ್ ರದ್ದು ಮಾಡಿಸಿದೆ. ನನ್ನ ಮೊಣಕಾಲಿನ ಆಪರೇಷನ್ ಆಗಿ ಎರಡು ವಾರವಾಯಿತು. ಬೇಕೆಂದೇ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಕೆಲಸ ಬಿಟ್ಟು ಇಲ್ಲಿ ಬಂದು ಕೂರುತ್ತಿದ್ದೆ, ಅಲ್ಲಿ ಗುತ್ತಿಗೆದಾರ ಗಿಡ ನೆಡದೆ ಕೈತೊಳೆದುಕೊಳ್ಳುತ್ತಿದ್ದ. ಈಗ ಕೋಲು ಹಿಡಿದು ಬಾಗಿಲ ತನಕ ನಡೆಯುತ್ತೇನೆ. ಜಯವ್ವ ಹಿಂದಿನಿಂದ ಹೆಜ್ಜೆ ಎಣಿಸುತ್ತಾಳೆ.

ಬರಲು ಆಗಲಿಲ್ಲ ಎಂದು ಬಹಳ ಸಂಕಟವಾಗುತ್ತಿದೆ. ನೋಡಿದ್ದನ್ನೆಲ್ಲ ಬರೆ. ಭಾಷಣ ಬೇಡ, ಹಾರ ತುರಾಯಿ ಬೇಡ. ಅವರು ಕೂತರೋ ಇಲ್ಲವೋ, ಅಷ್ಟು ಬರೆ.

ಮಾಮಾ

*

ರಾಮದಾಸಪೇಠ್
14 ನವೆಂಬರ್ 2025

ಮಾಮಾ,

ಮೊಣಕಾಲಿನ ವಿಷಯಕ್ಕೆ ನಿಮ್ಮನ್ನು ಆಮೇಲೆ ಬೈಯುತ್ತೇನೆ. ನಿನ್ನೆಯದನ್ನು ಮೊದಲು ಕೇಳಿ.

ರಿಬ್ಬನ್ ಕತ್ತರಿಸುವುದು, ಭಾಷಣ ಎಲ್ಲಾ ಬುಧವಾರವೇ ಮುಗಿದಿತ್ತು. ನಾನು ಗುರುವಾರಕ್ಕೆ ಕಾಯುತ್ತಿದ್ದೆ. ಹಿಂದಿನ ದಿನವೆಲ್ಲ ಊಟ ಸೇರಲಿಲ್ಲ. ರಸ್ತೆ ಅಗೆದಿದ್ದ ತಿಂಗಳುಗಳಲ್ಲಿ ಸಂತೆ ಮೈದಾನಕ್ಕೆ ಹೋಗಿತ್ತು. ಹೋದವರು ಮರಳಿ ಬರದೇ ಇದ್ದರೆ? ಅಲ್ಲೇ ಚಲೋ ಆಯಿತು ಅಂದುಬಿಟ್ಟರೆ? ಅಷ್ಟು ನುಣ್ಣಗಿನ ನೆಲ ನೋಡಿ, ಇದು ದೊಡ್ಡವರ ರಸ್ತೆ, ನಮ್ಮದಲ್ಲ ಅಂತ ಹೆದರಿ ದೂರವೇ ನಿಂತರೆ? ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ, ಅನಿರುದ್ಧನ ಹತ್ತಿರವೂ.

ಬೆಳಿಗ್ಗೆ ಬೇಗ ಹೋದೆ. ಗೂಟಗಳನ್ನು ಎತ್ತಿಟ್ಟಿದ್ದರು. ರಸ್ತೆ ಖಾಲಿ. ಚಳಿಗೆ ಕೈ ಉಜ್ಜಿಕೊಳ್ಳುತ್ತಾ ನಾನು ಹೊಸ ಗಿಡದ ಪಕ್ಕ ನಿಂತುಕೊಂಡೆ, ಎರಡೂ ತುದಿ ಕಾಣುವ ಜಾಗ ಅದು. ಒಬ್ಬರೂ ಇಲ್ಲ. ಒಬ್ಬ ಬಂದ, ನೋಡಿದರೆ ಹಾಲಿನವನು.

ಆಮೇಲೆ ಒಂದು ಟೆಂಪೋ ಬಂತು. ಇನ್ನೊಂದು ಬಂತು. ಮೂಟೆಗಳು ಇಳಿದವು, ತಾಡಪಾಲು ಬಿಚ್ಚಿತು, ಯಾರೋ ನಲ್ಲಿ ತಿರುಗಿಸಿ ಸೊಪ್ಪಿಗೆ ನೀರು ಚಿಮುಕಿಸಿದರು. ಬಳೆಯವಳು ಮೀನಿನವಳಿಂದ ದೂರವೇ ಕೂತಳು. ಸಂತ್ರಾ ಗಾಡಿ ಬೇವಿನ ನೆರಳು ಹಿಡಿಯಿತು. ಪಾರ್ವತಾಬಾಯಿ ಬಂದು ತನ್ನ ಚೌಕವನ್ನು ಹೆಜ್ಜೆಯಿಂದ ಅಳೆದು, ಸೆರಗು ಸಿಕ್ಕಿಸಿ ಕೂತಳು, ಯಾರನ್ನೂ ಕೇಳಲಿಲ್ಲ. ನೋಡುನೋಡುವಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ಸಂತೆ. ಬಸ್ಸು ಬಂತು, ಹೋಯಿತು, ಯಾರೂ ತಲೆ ಎತ್ತಿ ನೋಡಲೂ ಇಲ್ಲ. ಅವ್ವ ಚೀಲ ಮುಚ್ಚಿಕೊಳ್ಳದೆ ಬಂದಳು. ನಾನು ಬಾಯಿ ತೆರೆದುಕೊಂಡು ನಿಂತೇ ಇದ್ದೆ, ಕಣ್ಣಿನಲ್ಲಿ ನೀರು ಬಂದು ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಯಾರೋ ಮೊಣಕೈಯಿಂದ ನನ್ನನ್ನು ತಿವಿದರು. ತಿರುಗಿದರೆ ಒಬ್ಬ ಹೆಂಗಸು, ನಾನು ಎಂದೂ ನೋಡಿದವಳಲ್ಲ, ತಲೆಯ ಮೇಲೆ ಬದನೆಕಾಯಿ ಬುಟ್ಟಿ, ಮುಖದಲ್ಲಿ ಕೆಂಡದಂಥ ಸಿಟ್ಟು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವ ಗರಜೂ ಇಲ್ಲ. 'ಏ ಬಾಯಿ, ಸರಕ ನಾ ಬಾಜೂಲಾ! ಹೀ ಜಾಗಾ ಮಾಝೀ ಆಹೇ!' ಅಂತ ಗದರಿಸಿದಳು. ಪಕ್ಕಕ್ಕೆ ಸರಿ, ಇದು ನನ್ನ ಜಾಗ ಅಂತ.

ಸರಿದೆ ಮಾಮಾ. ಅವಳು ಬುಟ್ಟಿ ಇಳಿಸಿ ಕೂತಳು.

ನಿಮ್ಮ
ಶೀತಲ್